‘ಮನಸ್ಸು ಬಿಚ್ಚಿ ಮಾತಾಡಿ’ ಅಂತಾರೆ, ಎಲ್ಲಿ ಕೂತು?

ಮಹಿಳಾ ಪತ್ರಿಕೆಗಳ ದಾಂಪತ್ಯ ಸಲಹೆಯನ್ನು ಓದಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕಾಸರಗೋಡಿನಲ್ಲಿ ಕುಟುಂಬ ಸಮಾಲೋಚನೆ ನನ್ನ ಕೆಲಸ. ಬರುವ ಹೆಂಗಸರಲ್ಲಿ ಹಲವರು ಮಾತು ತೆಗೆಯುವುದೇ ‘ಟೀಚರ್, ಪುಸ್ತಕದಲ್ಲಿ ಒಬ್ಬರು ಬರೆದಿದ್ದರು, ನನ್ನದೂ ಹಾಗೆಯೇ’ ಎಂದು. ಕೆಲವರು ಆ ಪುಟವನ್ನೇ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಅವರು ಬೆರಳಿಟ್ಟು ತೋರಿಸುವುದು ತಜ್ಞರ ಉತ್ತರವನ್ನಲ್ಲ, ಅದರ ಮೇಲಿರುವ ಪ್ರಶ್ನೆಯನ್ನು. ತನಗೆ ಹೇಳಲು ನಾಚಿಕೆಯಾದದ್ದನ್ನು ‘ಹೆಸರು, ಊರು ಬೇಡ’ ಅಂದ ಯಾರೋ ಹೇಳಿಬಿಟ್ಟಿದ್ದಾರೆ. ಆ ಅಂಕಣದ ಬೆಲೆಯಲ್ಲಿ ಮುಕ್ಕಾಲು ಪಾಲು ಅಲ್ಲೇ ಇದೆ ಎಂದು ನನಗನಿಸುತ್ತದೆ.

ಉತ್ತರದ ವಿಷಯ ಬೇರೆ. ಹಳೆಯ ಕಾಲದಿಂದಲೂ ಬೇರೆಯೇ. 1691ರಲ್ಲಿ ಲಂಡನ್ನಿನಲ್ಲಿ ಜಾನ್ ಡಂಟನ್ ಎಂಬ ಪ್ರಕಾಶಕ ಓದುಗರ ಪ್ರಶ್ನೆಗೆ ಉತ್ತರ ಕೊಡುವ ಪತ್ರಿಕೆ ಶುರುಮಾಡಿದ. 1693ರಲ್ಲಿ ಹೆಂಗಸರಿಗೆಂದೇ ಇನ್ನೊಂದು ಬಂತು. ಡಂಟನ್‌ನ ಪತ್ರಿಕೆಯಲ್ಲಿ ದೊಡ್ಡ ವಿದ್ವಾಂಸರ ಸಂಘವೇ ಕೂತು ಉತ್ತರಿಸುತ್ತಿದೆ ಎಂದು ಜನ ನಂಬಿದ್ದರು. ಇದ್ದದ್ದು ಡಂಟನ್ ಮತ್ತು ಅವನ ಬೆರಳೆಣಿಕೆಯ ಸ್ನೇಹಿತರು, ಎಲ್ಲರೂ ಗಂಡಸರು!

ಈಗ ಉತ್ತರಿಸುವವರಲ್ಲಿ ಓದಿದವರು, ಅನುಭವಿಗಳು ಬೇಕಷ್ಟಿದ್ದಾರೆ. ಮುಟ್ಟು, ಗರ್ಭನಿರೋಧ, ಹೆರಿಗೆಯ ನಂತರದ ಬೇಸರ, ಇಂಥ ವಿಷಯದಲ್ಲಿ ವೈದ್ಯರು ಪತ್ರಿಕೆಯಲ್ಲಿ ಬರೆದದ್ದು ಎಷ್ಟೋ ಮನೆಗಳಲ್ಲಿ ಹುಡುಗಿಯರಿಗೆ ಸಿಕ್ಕಿದ ಮೊದಲ ಸರಿಯಾದ ಮಾಹಿತಿ. ಬೆಂಗಳೂರಿನಲ್ಲಿ ನಿಜವಾದದ್ದು ನಮ್ಮ ಕಡೆಯ ಪೆರ್ಲದಂಥ ಊರಿನಲ್ಲೂ ನಿಜ. ಆದರೆ ಗಂಡ-ಹೆಂಡತಿ ವಿಷಯಕ್ಕೆ ಬಂದರೆ ಮನೆ ನೋಡಬೇಕು, ತಿರುಗಿ ಪ್ರಶ್ನೆ ಕೇಳಬೇಕು. ಅಂಕಣಕಾರರಿಗೆ ಅದು ಸಾಧ್ಯವೇ ಇಲ್ಲ. ಎರಡು ಪುಟದ ಕಾಗದ ಅಚ್ಚಾಗುವಾಗ ನಾಲ್ಕು ಸಾಲು ಆಗಿರುತ್ತದೆ. ಗಂಡನ ಕಡೆಯ ಮಾತು ಅದರಲ್ಲಿ ಇರುವುದೇ ಇಲ್ಲ. ಹಾಗಾಗಿ ಉತ್ತರ ಯಾರಿಗೂ ತೊಂದರೆಯಾಗದ ಒಂದು ಮಾತಿಗೆ ಬಂದು ನಿಲ್ಲುತ್ತದೆ: ‘ಇಬ್ಬರೂ ಕೂತು ಮನಸ್ಸು ಬಿಚ್ಚಿ ಮಾತಾಡಿ.’

ಎಲ್ಲಿ ಕೂರುವುದು ಮಾರಾಯ್ರೆ? ಉಪ್ಪಳದ ಕಡೆಯ ಒಂದು ಮನೆ ಎಂದುಕೊಳ್ಳಿ. (ಹಲವರ ಕಥೆ ಸೇರಿಸಿ ಹೇಳುತ್ತಿದ್ದೇನೆ, ಯಾರೊಬ್ಬರದೂ ಅಲ್ಲ.) ಗಂಡ ದುಬೈಯಲ್ಲಿ, ಒಂದೇ ರೂಮಿನಲ್ಲಿ ನಾಲ್ಕೈದು ಜನರ ಜೊತೆ. ಅವನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅವನು ಕೆಲಸ ಮುಗಿಸಿ, ಊಟ ಮಾಡಿ ಫೋನ್ ಮಾಡುವಾಗ ಇಲ್ಲಿ ಮಗು ನಿದ್ದೆಗಣ್ಣಲ್ಲಿ ಅಳುತ್ತಿರುತ್ತದೆ, ಅತ್ತೆ ಹಾಲ್‌ನಲ್ಲೇ ಇರುತ್ತಾರೆ. ಅವನ ಕಡೆಯಲ್ಲೂ ಪಕ್ಕದ ಮಂಚದವನಿಗೆ ಎಲ್ಲ ಕೇಳಿಸುತ್ತದೆ. ‘ಊಟ ಆಯ್ತಾ, ಅಮ್ಮ ಹೇಗಿದ್ದಾರೆ’ ಅನ್ನುವುದರಲ್ಲಿ ಕರೆ ಮುಗಿಯುತ್ತದೆ. ಎರಡು ವರ್ಷಕ್ಕೊಮ್ಮೆ ಲೀವಿಗೆ ಬಂದರೆ ಮದುವೆ, ನೇಮ, ಆಸ್ಪತ್ರೆ, ನೆಂಟರ ಮನೆ. ಈ ಹೆಂಗಸಿಗೆ ‘ವಾರಾಂತ್ಯ ಇಬ್ಬರೇ ಹೊರಗೆ ಹೋಗಿ ಬನ್ನಿ’ ಅನ್ನುವ ಸಲಹೆ ಕೊಟ್ಟರೆ ನಗುತ್ತಾಳೆ, ಅಲ್ವಾ? ಕೆಲವರು ನಗುವುದಿಲ್ಲ. ‘ಎಲ್ಲರಿಗೂ ಆಗುತ್ತದೆ, ನನಗೆ ಮಾತ್ರ ಆಗುವುದಿಲ್ಲ, ತಪ್ಪು ನನ್ನದೇ’ ಅಂದುಕೊಳ್ಳುತ್ತಾರೆ. ನನಗೆ ಜಾಸ್ತಿ ಚಿಂತೆ ಅವರದು.

ಇಂಥವರಿಗೆ ನಾವು ಮನಸ್ಸು ಪೂರ್ತಿ ಬಿಚ್ಚಲು ಹೇಳುವುದಿಲ್ಲ. ಒಂದೇ ವಿಷಯ ಹಿಡಿಯಲು ಹೇಳುತ್ತೇವೆ. ‘ನೀವು ಯಾವಾಗಲೂ ಅಮ್ಮನ ಮಾತೇ ಕೇಳುವುದು’ ಅಂದರೆ ಅವನು ಫೋನ್ ಇಡುತ್ತಾನೆ. ‘ಮಗುವಿನ ಫೀಸಿನ ಹಣ ಈ ತಿಂಗಳಿಂದ ನನ್ನ ಖಾತೆಗೆ ಹಾಕಿ’ ಎಂದು ಮೆಸೇಜ್ ಬರೆದರೆ ಅವನು ‘ಆಗುತ್ತದೆ’ ಅಥವಾ ‘ಇಲ್ಲ’ ಅನ್ನಲೇಬೇಕು. ಎಷ್ಟೋ ಸಲ ಅತ್ತೆ-ಸೊಸೆ ಜಗಳದ ಕೆಳಗೆ ಇರುವುದು ಗಲ್ಫ್ ಹಣ ಯಾರ ಖಾತೆಗೆ ಬರುತ್ತದೆ ಅನ್ನುವ ಪ್ರಶ್ನೆಯೇ. ಪತ್ರಿಕೆಗೆ ಬರೆಯುವಾಗ ಅದನ್ನು ಯಾರೂ ಬರೆಯುವುದಿಲ್ಲ. ‘ಪ್ರೀತಿ ಕಡಿಮೆಯಾಗಿದೆ’ ಎಂದು ಬರೆಯುತ್ತಾರೆ.

‘ಸಮಸ್ಯೆ ಪರಿಹರಿಸಿಕೊಳ್ಳಿ’ ಅನ್ನುವುದೂ ಅಷ್ಟು ಸರಿಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ದಂಪತಿಗಳನ್ನು ವರ್ಷಗಟ್ಟಲೆ ಗಮನಿಸಿದವರು. ಜಗಳದ ವಿಷಯಗಳಲ್ಲಿ ಸುಮಾರು ಶೇ. 69 ಕೊನೆವರೆಗೂ ಬಗೆಹರಿಯದೆ ಉಳಿಯುತ್ತವೆ ಅನ್ನುತ್ತಾರೆ. ಚೆನ್ನಾಗಿ ಬಾಳುವವರಲ್ಲೂ ಹಾಗೆಯೇ. ಅವನು ಖರ್ಚಿನ ಕೈ, ಇವಳು ಹಿಡಿತದ ಕೈ; ಅದು ಹೋಗುವುದಿಲ್ಲ. ಜಗಳಕ್ಕಿಂತ ತಾತ್ಸಾರ ದೊಡ್ಡ ಅಪಾಯ ಎಂಬುದು ಅವರ ಇನ್ನೊಂದು ಮಾತು. ಕೊಂಕು, ಹಂಗಿಸುವುದು, ನೆಂಟರೆದುರು ಗೇಲಿ. ನನ್ನ ಅನುಭವವೂ ಅದೇ.

‘ನಿಮ್ಮವರು ನಿಮ್ಮನ್ನು ಅರ್ಥ ಮಾಡಿಕೊಂಡಿದ್ದಾರಾ? ಹತ್ತು ಪ್ರಶ್ನೆ, ಅಂಕ ಕೊಡಿ’ ಎಂಬ ಪುಟವನ್ನು ಸುಮ್ನೆ ಆಟಕ್ಕೆ ಓದಿ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞರು ತರಗತಿಯ ಎಲ್ಲರಿಗೂ ಒಂದೇ ಒಕ್ಕಣೆಯ ಸ್ವಭಾವ ವಿವರಣೆ ಹಂಚಿ, ಇದು ನಿನ್ನದೇ ಎಂದರು. ವಿದ್ಯಾರ್ಥಿಗಳು ಅದಕ್ಕೆ 5ರಲ್ಲಿ ಸರಾಸರಿ 4.26 ಅಂಕ ಕೊಟ್ಟರು. ವಾಕ್ಯಗಳನ್ನು ಫೋರರ್ ಎತ್ತಿಕೊಂಡದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ಯಾರಿಗೂ ಹೊಂದುವ ಮಾತು ಎಲ್ಲರಿಗೂ ತನ್ನದೇ ಅನಿಸುತ್ತದೆ.

ಪತ್ರಿಕೆಗಳ ಮೇಲೆ ನನಗೆ ನಿಜವಾದ ಸಿಟ್ಟಿರುವುದು ಒಂದೇ ವಿಷಯಕ್ಕೆ. ಪ್ರಶ್ನೆಯಲ್ಲಿ ‘ಸಿಟ್ಟು ಬಂದರೆ ಕೈ ಎತ್ತುತ್ತಾರೆ’ ಎಂದು ಇರುತ್ತದೆ, ಉತ್ತರದಲ್ಲಿ ‘ಅವರ ಒತ್ತಡ ಅರ್ಥ ಮಾಡಿಕೊಳ್ಳಿ, ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದು. ಇದು ಸಲಹೆಯೇ ಅಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಲ್ಲಿ ಹೊಡೆತ ಮಾತ್ರವಲ್ಲ, ಬೈಗುಳವೂ ಬರುತ್ತದೆ, ಖರ್ಚಿಗೆ ಹಣ ಕೊಡದೆ ಸತಾಯಿಸುವುದೂ ಬರುತ್ತದೆ. ಮನೆ ಗಂಡನ ಅಥವಾ ಅತ್ತೆಯ ಹೆಸರಿನಲ್ಲಿದ್ದರೂ ಅವಳು ಸಂಸಾರ ಮಾಡಿದ ಮನೆಯಲ್ಲಿ ಅವಳಿಗೆ ವಾಸದ ಹಕ್ಕಿದೆ. ‘ಹೊರಗೆ ಹಾಕಿದರೆ ಏನು ಮಾಡಲಿ’ ಎಂದು ಹೆದರಿ ವರ್ಷಗಟ್ಟಲೆ ಸುಮ್ಮನಿರುವವರಿಗೆ ಮೊದಲು ತಿಳಿಯಬೇಕಾದದ್ದು ಇದು.

ಇನ್ನೊಂದು, ಗಡಿಯಲ್ಲಿರುವ ನಮಗೆ ಮಾತ್ರ ಇರುವ ತೊಡಕು. ಕನ್ನಡ ಪತ್ರಿಕೆಯ ಕೊನೆಯಲ್ಲಿ ‘ಹತ್ತಿರದ ಸಾಂತ್ವನ ಕೇಂದ್ರಕ್ಕೆ ಹೋಗಿ’ ಎಂದು ಬರೆದಿರುತ್ತಾರೆ. ಅದು ಕರ್ನಾಟಕ ಸರಕಾರದ್ದು. ನಾವು 1956ರಿಂದ ಕೇರಳದಲ್ಲಿ. ಇಲ್ಲಿ ಕೇರಳ ಸರಕಾರದ ಮಹಿಳಾ ಯೋಜನೆ ಕುಟುಂಬಶ್ರೀಯ ‘ಸ್ನೇಹಿತ’ ಎಂಬ ನೆರವು ಕೇಂದ್ರ ಇದೆ, ಹೆಂಗಸರ ದೂರು ಕೇಳುವ ಪಂಚಾಯತಿನ ಜಾಗ್ರತಾ ಸಮಿತಿ ಇದೆ. 181 ಮಹಿಳಾ ಸಹಾಯವಾಣಿ ಎರಡೂ ಕಡೆ ಇದೆ. ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ, ಆದಾಯ ಎಷ್ಟಿದ್ದರೂ. ಹೋದಲ್ಲಿ ನಿಮ್ಮ ದೂರನ್ನು ಅವರು ಮಲಯಾಳದಲ್ಲಿ ಬರೆದುಕೊಳ್ಳಬಹುದು. ಓದಲು ಬಾರದಿದ್ದರೆ ಸಂಕೋಚ ಬೇಡ. ಕನ್ನಡ ಬಲ್ಲವರನ್ನು ಕರೆಸಿ, ಪೂರ್ತಿ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ, ಒಂದು ಪ್ರತಿ ಕೇಳಿ ಪಡೆಯಿರಿ.