ಕಬ್ಬಿಣ ತಾಗಿದರೆ ನೆಲ ಕೆಟ್ಟೀತೇ?

ಇಪ್ಪತ್ತನೆಯ ಶತಮಾನ ಆಗಷ್ಟೇ ಶುರುವಾಗಿತ್ತು. ಬೆಳಗಾವಿಯ ಒಂದು ಪುಟ್ಟ ಕಾರ್ಖಾನೆಯಲ್ಲಿ ಕಬ್ಬಿಣದ ನೇಗಿಲುಗಳು ತಯಾರಾಗಿ ಕೂತಿದ್ದವು. ಕೊಳ್ಳುವವರೇ ಇಲ್ಲ. ಕಬ್ಬಿಣ ತಾಗಿದರೆ ಮಣ್ಣಿಗೆ ನಂಜೇರುತ್ತದೆ, ಹೊಲ ಹಾಳಾಗುತ್ತದೆ ಎಂಬ ಭಯ ರೈತರಿಗೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಬೇಕಾಯಿತು. ಅವನ್ನು ಮಾಡಿಟ್ಟು ಕಾಯುತ್ತಿದ್ದವರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಇಂದು ಪಂಪು, ಎಂಜಿನ್ನುಗಳ ಮೇಲೆ ಕಾಣುವ ಹೆಸರಿನ ಮೂಲಪುರುಷ.

ಈ ಪ್ರಸಂಗ ಹೇಳುವವರೆಲ್ಲ ‘ನೋಡಿ, ಎಂಥ ಮೂಢನಂಬಿಕೆ’ ಎಂದು ಮುಂದೆ ಹೋಗಿಬಿಡುತ್ತಾರೆ. ನನಗೆ ಅಲ್ಲೇ ನಿಲ್ಲಬೇಕೆನಿಸುತ್ತದೆ. ಮೂಢನಂಬಿಕೆ ಸರಿ, ಅದು ಎಷ್ಟು ಮೂಢ? ಲೆಕ್ಕ ಹಾಕಿ ನೋಡಬಹುದಲ್ಲ!

ಒಂದು ಎಕರೆ ಹೊಲದ ಮೇಲಿನ 15 ಸೆಂಟಿಮೀಟರ್ ಮಣ್ಣನ್ನು ಕೆರೆದು ತೂಗಿದರೆ ಸುಮಾರು 850 ಟನ್ ಆಗುತ್ತದೆ. ಭೂಮಿಯ ಹೊರಪದರದಲ್ಲಿ ತೂಕದ ಲೆಕ್ಕದಲ್ಲಿ ಶೇಕಡ 5ರಷ್ಟು ಕಬ್ಬಿಣವಿದೆ. ನಾವು ಕೈಬಿಗಿ ಹಿಡಿದು ಶೇಕಡ 3 ಎಂದುಕೊಳ್ಳೋಣ. ಆಗಲೂ ಆ ಒಂದು ಎಕರೆಯ ಮೇಲ್ಮಣ್ಣಿನಲ್ಲಿ 25 ಟನ್ ಕಬ್ಬಿಣ ಇದ್ದೇ ಇದೆ. ಮಸಾರಿ ನೆಲ ಕೆಂಪಾಗಿರುವುದಕ್ಕೆ ಕಾರಣವೇ ಕಬ್ಬಿಣದ ಆಕ್ಸೈಡು. ಇನ್ನು ನೇಗಿಲು. ಉಳುವಾಗ ಅದರ ಗುಳ, ಅಂದರೆ ನೆಲ ಸೀಳುವ ತುದಿ, ಸವೆಯುತ್ತದೆ, ಸವೆದ ಪುಡಿ ಹೊಲದಲ್ಲೇ ಉಳಿಯುತ್ತದೆ, ನಿಜ. ಎಕರೆಗೆ ವರ್ಷಕ್ಕೆ ಇಡೀ ಒಂದು ಕಿಲೋ ಸವೆಯಿತು ಎಂದೇ ಇಟ್ಟುಕೊಂಡರೂ ಮಣ್ಣಿನ ಕಬ್ಬಿಣ ದುಪ್ಪಟ್ಟಾಗಲು 25,000 ವರ್ಷ ಬೇಕು.

ತಮಾಷೆಯೆಂದರೆ ನಮ್ಮ ಮರದ ನೇಗಿಲಿನ ತುದಿಗೂ ಕಬ್ಬಿಣದ ಗುಳವೇ ಇರುತ್ತಿತ್ತು. ಮಣ್ಣಿಗೆ ತಾಗುತ್ತಿದ್ದುದು ಮುಖ್ಯವಾಗಿ ಅದೇ. ಅದೇ ಜನ ಕತ್ತಲಲ್ಲಿ ದೆವ್ವ ಬಾರದಿರಲೆಂದು ಕೈಯಲ್ಲಿ ಕಬ್ಬಿಣದ ಚೂರು ಹಿಡಿದು ಹೋಗುತ್ತಿದ್ದರು. ದೆವ್ವ ಓಡಿಸುವಾಗ ರಕ್ಷೆ, ಹೊಲಕ್ಕೆ ಇಳಿದಾಗ ವಿಷ!

ಇದನ್ನು ಹಿಂದುಳಿದ ಹಳ್ಳಿಗಾಡಿನ ಅಜ್ಞಾನ ಎಂದು ಮೂಗು ಮುರಿಯುವವರಿಗೆ ಇನ್ನೊಂದು ಕಥೆ ಹೇಳಬೇಕು. 1797ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಚಾರ್ಲ್ಸ್ ನ್ಯೂಬೋಲ್ಡ್ ಎಂಬಾತ ಎರಕದ ಕಬ್ಬಿಣದ ನೇಗಿಲಿಗೆ ಪೇಟೆಂಟ್ ಪಡೆದ. ಅಲ್ಲಿನ ರೈತರು ಏನೆಂದರು ಗೊತ್ತೇ? ಕಬ್ಬಿಣ ನೆಲಕ್ಕೆ ವಿಷವಿಕ್ಕುತ್ತದೆ, ಕಳೆ ಹೆಚ್ಚಿಸುತ್ತದೆ! ಬೆಳಗಾವಿಗೆ ನೂರು ವರ್ಷ ಮೊದಲು, ಸಾಗರದ ಆಚೆ, ಅದೇ ಮಾತು. ಒಬ್ಬರಿಂದೊಬ್ಬರು ಕಲಿತದ್ದಂತೂ ಅಲ್ಲ. ಬಹುಶಃ ಈ ಭಯದ ಬೇರು ಬೇರೆಡೆ ಇತ್ತು. ಹೊಸ ನೇಗಿಲು ಭಾರ, ಎಳೆಯಲು ಹೆಚ್ಚು ಎತ್ತು ಬೇಕು, ಆಳಕ್ಕೆ ಇಳಿದು ಕೆಳಗಿನ ಹಸಿಮಣ್ಣನ್ನು ಮೇಲೆ ತರುತ್ತದೆ, ಒಂದು ಹಂಗಾಮು ತಪ್ಪಿದರೆ ಮನೆಮಂದಿ ಉಪವಾಸ. ಇಷ್ಟೆಲ್ಲ ವಿವರಿಸುವ ಬದಲು ‘ನಂಜಾಗುತ್ತದೆ’ ಎಂದುಬಿಟ್ಟರೆ ಮಾತು ಮುಗಿಯುತ್ತದೆ.

ಲಕ್ಷ್ಮಣರಾವ್ ಇಂಥ ಕೆಲಸಕ್ಕೆ ಬಂದ ದಾರಿಯೂ ನೆಟ್ಟಗಿರಲಿಲ್ಲ. ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಸವದತ್ತಿ ಬಳಿಯ ಗುರ್ಲಹೊಸೂರಿನಲ್ಲಿ. ಓದಿನಲ್ಲಿ ಮನಸ್ಸಿಲ್ಲ, ಚಿತ್ರ ಬರೆಯುವುದರಲ್ಲಿ ಮತ್ತು ಯಂತ್ರಗಳಲ್ಲಿ ಮನಸ್ಸು. ಅಣ್ಣ ರಾಮಣ್ಣನ ಬೆಂಬಲದಿಂದ 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆ ಸೇರಿದರು. ಎರಡು ವರ್ಷದಲ್ಲಿ ಚಿತ್ರಕಲೆ ಕೈಬಿಡಬೇಕಾಯಿತು. ಅವರಿಗೆ ಭಾಗಶಃ ವರ್ಣಾಂಧತೆ ಇತ್ತು. ಯಂತ್ರರೇಖನಕ್ಕೆ ಬಣ್ಣ ಬೇಡವಲ್ಲ, ಅದನ್ನು ಚೆನ್ನಾಗಿ ಕಲಿತು ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳಿದರು. ಬಡ್ತಿ ಬೇರೆಯವರ ಪಾಲಾದಾಗ ರಾಜೀನಾಮೆ ಕೊಟ್ಟು ಬೆಳಗಾವಿಗೆ ಮರಳಿದರು. ಅಲ್ಲಿ ಅಣ್ಣತಮ್ಮಂದಿರ ಸೈಕಲ್ ಅಂಗಡಿ 1888ರಿಂದಲೇ ಇತ್ತು. ಸೈಕಲ್ಲಿನಿಂದ ಮೇವು ಕತ್ತರಿಸುವ ಯಂತ್ರ, ಅದರಿಂದ ನೇಗಿಲು.

ಸೈಕಲ್ ಮಾರುವುದಕ್ಕೂ ನೇಗಿಲು ಎರಕ ಹೊಯ್ಯುವುದಕ್ಕೂ ಅಜಗಜಾಂತರ. ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ, ಸ್ವಲ್ಪ ಉದ್ದವಾದರೂ ಹೇಳಿಯೇ ತೀರುತ್ತೇನೆ.

ಎರಕದ ಕಬ್ಬಿಣದಲ್ಲಿ ಶೇಕಡ 3ರ ಆಸುಪಾಸು ಇಂಗಾಲ ಇರುತ್ತದೆ. ಕರಗಿದ ಕಬ್ಬಿಣದಲ್ಲಿ ಇಂಗಾಲದ ಪರಮಾಣುಗಳು ಎಲ್ಲೆಡೆ ಹರಡಿಕೊಂಡಿರುತ್ತವೆ. ಅದನ್ನು ಮರಳಿನ ಅಚ್ಚಿಗೆ ಹೊಯ್ದರೆ ನಿಧಾನವಾಗಿ ಆರುತ್ತದೆ. ಇಂಗಾಲಕ್ಕೆ ಒಟ್ಟುಗೂಡಲು ಸಮಯ ಸಿಗುತ್ತದೆ, ಗ್ರಾಫೈಟಿನ ಪದರಗಳಾಗಿ ಬೇರ್ಪಡುತ್ತದೆ. ಒಡೆದು ನೋಡಿದರೆ ಬೂದುಬಣ್ಣ, ಅರದಿಂದ ಉಜ್ಜಿದರೆ ಸವೆಯುವಷ್ಟು ಮೆದು. ಅದೇ ಕಬ್ಬಿಣ ತಣ್ಣನೆಯ ಲೋಹದ ಅಚ್ಚಿಗೆ ತಾಗಿ ಥಟ್ಟನೆ ಆರಿದರೆ ಇಂಗಾಲಕ್ಕೆ ಬೇರ್ಪಡಲು ಪುರಸೊತ್ತೇ ಇಲ್ಲ. ಮೂರು ಕಬ್ಬಿಣಕ್ಕೆ ಒಂದು ಇಂಗಾಲದಂತೆ ಸೇರಿ ಸಿಮೆಂಟೈಟ್ ಎಂಬ ಸಂಯುಕ್ತವಾಗಿ ಸಿಕ್ಕಿಬೀಳುತ್ತದೆ. ಈಗ ಒಡೆದರೆ ಒಳಗೆ ಬಿಳಿ ಹೊಳಪು, ಗಾಜಿನಂತೆ ಗಡಸು, ಹಾಗೆಯೇ ಪೆಡಸು. ಇಡೀ ಗುಳವನ್ನು ಮೆದು ಕಬ್ಬಿಣದಲ್ಲಿ ಮಾಡಿದರೆ ಮೊಂಡಾಗುತ್ತದೆ, ಇಡೀ ಗುಳವನ್ನು ಗಡಸು ಮಾಡಿದರೆ ಮೊದಲ ಕಲ್ಲಿಗೇ ಮುರಿಯುತ್ತದೆ.

1803ರಲ್ಲಿ ಇಂಗ್ಲೆಂಡಿನ ಇಪ್ಸ್‌ವಿಚ್ಚಿನ ರಾಬರ್ಟ್ ರಾನ್ಸಮ್ ಇದಕ್ಕೊಂದು ಚೆಂದದ ಉಪಾಯಕ್ಕೆ ಪೇಟೆಂಟ್ ಪಡೆದ. ಗುಳದ ಕೆಳಮುಖವನ್ನು ಮಾತ್ರ ಲೋಹದ ಅಚ್ಚಿಗೆ ತಾಗಿಸಿ ಬೇಗ ಆರಿಸುವುದು, ಮೇಲ್ಮುಖವನ್ನು ಮರಳಿನಲ್ಲಿ ನಿಧಾನ ಆರಿಸುವುದು. ಉಳುವಾಗ ಮಣ್ಣು ಎರಡೂ ಬದಿಯನ್ನು ತಿಕ್ಕುತ್ತದೆ, ಆದರೆ ಮೇಲಿನ ಮೆದು ಭಾಗ ಬೇಗ ಸವೆದು ಕೆಳಗಿನ ಗಡಸು ಪದರ ತೆಳ್ಳಗೆ ಮುಂದೆ ಚಾಚಿಕೊಳ್ಳುತ್ತದೆ. ಅಂದರೆ ಗುಳ ಸವೆದಷ್ಟೂ ಹರಿತ! ಇಲಿಯ ಬಾಚಿಹಲ್ಲು ಹೀಗೆಯೇ. ಅದರ ಮುಂದಿನ ಬದಿಗೆ ಮಾತ್ರ ಗಡಸು ಎನಾಮಲ್, ಹಿಂದೆ ಮೆದು ದಂತದ್ರವ್ಯ. ಕಡಿದಷ್ಟೂ ಹಿಂಬದಿ ಸವೆದು ಅಂಚು ಉಳಿಯುತ್ತದೆ. ರೈತನ ದಿನನಿತ್ಯದ ತಾಪತ್ರಯಕ್ಕೆ ಕಮ್ಮಾರನ ಸಾಣೆಗಿಂತ ಇದೇ ದೊಡ್ಡ ಉತ್ತರ. ಎರಕದ ನೇಗಿಲು ಮಾಡಹೊರಟ ಯಾರೇ ಆಗಲಿ, ಕಬ್ಬಿಣ ಎಷ್ಟು ಬೇಗ ಆರಬೇಕು ಎಂಬ ಈ ಲೆಕ್ಕದಿಂದ ತಪ್ಪಿಸಿಕೊಳ್ಳುವಂತಿಲ್ಲ.

ನೇಗಿಲಿಗೆ ಗಿರಾಕಿಗಳು ಕುದುರತೊಡಗಿದ ಹೊತ್ತಿಗೆ ಇನ್ನೊಂದು ಕಂಟಕ. ಊರು ಬೆಳೆಸಲು ಕಾರ್ಖಾನೆಯ ಜಾಗ ಬೇಕೆಂದು ಪುರಸಭೆ ಎಬ್ಬಿಸಿತು. ಕೈಹಿಡಿದವರು ಔಂಧ್ ಸಂಸ್ಥಾನದ ದೊರೆ. ಈಗಿನ ಸಾಂಗ್ಲಿ ಜಿಲ್ಲೆಯ ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಸಿಕ್ಕಿತು. ಬರೀ ಪಾಪಸುಕಳ್ಳಿ, ನಾಗರಹಾವು. 1910ರಲ್ಲಿ 25 ಜನ ಕೆಲಸಗಾರರು ಮತ್ತು ಅವರ ಸಂಸಾರಗಳೊಂದಿಗೆ ಅಲ್ಲಿಗೆ ಹೋದರು. ಅದೇ ಕಿರ್ಲೋಸ್ಕರ್‌ವಾಡಿ. ಇಂಗ್ಲೆಂಡ್, ಅಮೆರಿಕಗಳಲ್ಲಿ ಕಾರ್ಖಾನೆಯ ಸುತ್ತ ಕೆಲಸಗಾರರಿಗೆಂದೇ ಕಟ್ಟಿದ ಊರುಗಳ ಬಗ್ಗೆ ಅವರು ತಿಳಿದಿದ್ದರು, ಅಂಥದೇ ಒಂದು ಇಲ್ಲಿ ಆಗಬೇಕೆಂಬ ಹಟ.

ಆ ಊರಿನಲ್ಲಿ ಅಸ್ಪೃಶ್ಯತೆಯನ್ನು ಅವರು ನಿಷೇಧಿಸಿದರು. ಜೈಲು ಕಂಡು ಬಂದವರನ್ನು ರಾತ್ರಿ ಕಾವಲಿಗೆ ಇಟ್ಟುಕೊಂಡರು. ಉದ್ಯಮಿಗಳ ದಾನದ ಪಟ್ಟಿ ಓದಿ ಓದಿ ಬೇಸತ್ತ ನನ್ನಂಥವರಿಗೆ ಈ ಎರಡು ಸಂಗತಿ ಯಾವ ದೇಣಿಗೆಯ ಮೊತ್ತಕ್ಕಿಂತಲೂ ದೊಡ್ಡದಾಗಿ ಕಾಣುತ್ತವೆ. ಇದು ನೇಗಿಲಿನ ಕಥೆಯಿಂದ ದೂರವೂ ಅಲ್ಲ. ತಾಗಿದರೆ ಸಾಕು ಕೆಡುತ್ತದೆ, ಎಷ್ಟು ತಾಗಿತು, ಏನು ತಾಗಿತು ಎಂದು ಕೇಳಬೇಕಿಲ್ಲ ಎಂಬುದು ಮೈಲಿಗೆಯ ತರ್ಕ. ಅದು ಮನುಷ್ಯನ ಮೇಲೂ ನಡೆಯುತ್ತಿತ್ತು, ಮಣ್ಣಿನ ಮೇಲೂ ನಡೆಯಿತು. ರಸಾಯನಶಾಸ್ತ್ರ ಕೇಳುವ ಮೊದಲ ಪ್ರಶ್ನೆಯೇ ‘ಎಷ್ಟು?’, ಎರಡನೆಯದು ‘ಯಾವ ರೂಪದಲ್ಲಿ?’

ಎರಡನೆಯ ಪ್ರಶ್ನೆಯ ಉತ್ತರ ಇನ್ನೂ ಸೊಗಸು. ಎಲೆ ಹಸಿರಾಗಲು ಗಿಡಕ್ಕೆ ಕಬ್ಬಿಣ ಬೇಕೇ ಬೇಕು. ಅದಿಲ್ಲದೆ ಹರಿತ್ತು ತಯಾರಾಗದು. ಟನ್‌ಗಟ್ಟಲೆ ಕಬ್ಬಿಣದ ನಡುವೆ ನಿಂತ ಬೆಳೆಗೆ ಎಕರೆಗೆ ಬೇಕಾದ್ದು ಹೆಚ್ಚೆಂದರೆ ಕೆಲವೇ ಕಿಲೋ. ಆದರೂ ಸಿಗುವುದಿಲ್ಲ! ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣ ತುಕ್ಕಿನ ರೂಪದಲ್ಲಿರುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, ಏರಿದಷ್ಟೂ ಕ್ಷಾರ) ಒಂದು ಅಂಕ ಏರಿದರೆ ಕರಗುವ ಪ್ರಮಾಣ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸುಣ್ಣದಂಶ ಹೆಚ್ಚಿರುವ, ಪಿಎಚ್ 8 ದಾಟಿದ ಎರೆ ಭೂಮಿಯಲ್ಲಿ ಶೇಂಗಾ, ಕಬ್ಬು ಎಳೆಯ ಎಲೆಯಲ್ಲೇ ಹಳದಿಗಟ್ಟುತ್ತವೆ. ನರಗಳು ಹಸಿರು, ನಡುವೆ ಬಿಳಿಚು. ಆಗ ರೈತರು ಅಂಗಡಿಯಿಂದ ಅನ್ನಭೇದಿ ತಂದು ಸಿಂಪಡಿಸುತ್ತಾರೆ. ಅನ್ನಭೇದಿ ಎಂದರೆ ಕಬ್ಬಿಣದ ಸಲ್ಫೇಟು. ಯಾವ ಕಬ್ಬಿಣ ತಾಗಬಾರದೆಂದು ಅಜ್ಜ ಹೆದರಿದ್ದನೋ ಅದನ್ನೇ ಮೊಮ್ಮಗ ದುಡ್ಡು ಕೊಟ್ಟು ಬೆಳೆಗೆ ಕುಡಿಸುತ್ತಾನೆ. ಹಾಗೆಂದು ಕಬ್ಬಿಣ ಎಂದೂ ನಂಜಾಗದು ಎಂದಲ್ಲ. ಹುಳಿ ಮಣ್ಣಿನ ಗದ್ದೆಯಲ್ಲಿ ನೀರು ನಿಂತು ಗಾಳಿಯಾಡದಿದ್ದರೆ ತುಕ್ಕು ಕರಗುವ ರೂಪಕ್ಕೆ ತಿರುಗಿ ಭತ್ತದ ಎಲೆಯಲ್ಲಿ ಕಂದು ಚುಕ್ಕೆ ಮೂಡುತ್ತದೆ. ಆದರೆ ಆ ಕಬ್ಬಿಣ ನೇಗಿಲಿನದಲ್ಲ, ಮಣ್ಣಿನದೇ.

ಮುಂದಿನ ಬೆಳವಣಿಗೆ ವೇಗದ್ದು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ನೋಂದಣಿಯಾಯಿತು, 1926ರಲ್ಲಿ ಸೆಂಟ್ರಿಫ್ಯೂಗಲ್ ಪಂಪ್ ಬಂತು. ಅಮೆರಿಕದ ಎಂಐಟಿಯಲ್ಲಿ ಓದಿದ ಮಗ ಶಂತನುರಾವ್ ಕಾಲಕ್ಕೆ ಪುಣೆಯಲ್ಲಿ ಆಯಿಲ್ ಎಂಜಿನ್, ಹರಿಹರದಲ್ಲಿ ಲೇತ್, ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರು. ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು.

ಪಂಪಿಗೆ ಯಾರೂ ನೇಗಿಲಿಗೆ ಹೆದರಿದಂತೆ ಹೆದರಲಿಲ್ಲ. ಯಾಕೆ ಹೆದರಬೇಕು? ಅದು ಕೊಡುವುದು ನೀರು. ಈಗ ನೀರಿಗೂ ಅದೇ ಲೆಕ್ಕ ಹಾಕೋಣ. ಕಬ್ಬು ವರ್ಷಕ್ಕೆ ಸುಮಾರು ಎರಡು ಮೀಟರ್ ಆಳದ ನೀರು ಬೇಡುತ್ತದೆ. ಎಕರೆಗೆ 80 ಲಕ್ಷ ಲೀಟರ್. ಆ ನೀರಿನಲ್ಲಿ ಲೀಟರಿಗೆ ಅರ್ಧ ಗ್ರಾಂ ಉಪ್ಪಿದ್ದರೂ, ನಾಲಿಗೆಗೆ ಅದು ತಿಳಿಯುವುದು ಕಷ್ಟ, ವರ್ಷಕ್ಕೆ ಎಕರೆಯ ಮೇಲೆ ಬೀಳುವ ಉಪ್ಪು 4 ಟನ್. ಗಿಡ ನೀರು ಹೀರಿ ಹೆಚ್ಚಿನ ಉಪ್ಪನ್ನು ಬಿಟ್ಟುಬಿಡುತ್ತದೆ. ಎರೆಮಣ್ಣು ನೀರನ್ನು ಕೆಳಗೆ ಬಸಿಯಲು ಬಿಡದು. ಅಂತರ್ಜಲ ಮೇಲೇರುತ್ತದೆ, ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ನಿಲ್ಲುತ್ತದೆ. ಕೃಷ್ಣೆಯ ಇಕ್ಕೆಲದಲ್ಲಿ, ಸಾಂಗ್ಲಿಯಿಂದ ಅಥಣಿಯ ಕಡೆಗೆ, ಕಬ್ಬಿನ ಎಷ್ಟೋ ಹೊಲಗಳು ಹೀಗೆ ಸವಳು-ಜವಳಾಗಿವೆ, ಅಂದರೆ ಉಪ್ಪು ಕೂತು ನೀರು ನಿಂತು ಕೆಟ್ಟಿವೆ. ತಪ್ಪು ಪಂಪಿನದಲ್ಲ, ಬಸಿಗಾಲುವೆ ಇಲ್ಲದೆ ಹರಿಸಿದ ನೀರಿನದು. ನೆಲದಡಿ ತೂತಿನ ಕೊಳವೆ ಹೂತು ಉಪ್ಪುನೀರನ್ನು ಹೊರಗೆ ಹರಿಸಿದರೆ ಅಂಥ ಹೊಲ ಮತ್ತೆ ಬೆಳೆ ಕೊಡುತ್ತದೆ. ಆದರೆ ನೀರು ಇಳಿಜಾರಿನಲ್ಲಿ ಪಕ್ಕದವನ ಹೊಲ ದಾಟಿಯೇ ಹಳ್ಳ ಸೇರಬೇಕು. ಆದ್ದರಿಂದ ಒಬ್ಬನೇ ಕೊಳವೆ ಹೂತರೆ ಸಾಲದು, ಸಾಲಾಗಿ ಹತ್ತಾರು ಹೊಲದವರು ಒಪ್ಪಿ ಒಟ್ಟಿಗೆ ಅಗೆಯಬೇಕು.