ಕೊಬ್ಬನ್ನು ಮುಟ್ಟದೆಯೇ ಕೊಬ್ಬು ಹೇಳುವ ಮಷೀನು

ಯುಗಾದಿಗೆ ಬಂದ ಭಾವಮೈದ ಒಂದು ಗಾಜಿನ ತೂಕದ ಮಷೀನು ತಂದಿದ್ದ. ಬರಿಗಾಲಲ್ಲಿ ಹತ್ತಿದರೆ ಸಾಕು. ತೂಕ, ಕೊಬ್ಬು, ಸ್ನಾಯು, ನೀರು, ಮೂಳೆ ಎಲ್ಲವೂ ಮೊಬೈಲಿಗೆ ಬರುತ್ತದೆ. ಕೊನೆಯಲ್ಲಿ 'ದೇಹದ ವಯಸ್ಸು' ಬೇರೆ. ಅವನಿಗೆ 41. ಮಷೀನು 49 ಅಂದಿತು. ಪಾಪ, ಎಲೆಯ ಮೇಲಿನ ಹೋಳಿಗೆ ಮುಟ್ಟದೆ ಕೂತ.

"ಭಾವ, ಇದು ಮೈಯೊಳಗೆ ಕರೆಂಟ್ ಹಾಯಿಸಿ ಕೊಬ್ಬು ಅಳೆಯುತ್ತೆ. ಸುಳ್ಳು ಹೇಳಲ್ಲ."

ಕರೆಂಟ್ ಹಾಯಿಸುವುದು ನಿಜ. ಆದರೆ ಅದು ಅಳೆಯುವುದು ಕೊಬ್ಬನ್ನಲ್ಲ.

ಬೋರ್‌ವೆಲ್ ಮೋಟರಿಗೆ ಅರ್ಥಿಂಗ್ ಮಾಡುವುದನ್ನು ನೋಡಿರುತ್ತೀರಿ. ಗುಂಡಿಗೆ ಇದ್ದಿಲು, ಉಪ್ಪು ತುಂಬುತ್ತಾರೆ. ಬೇಸಿಗೆಯಲ್ಲಿ ಆಗಾಗ ಎರಡು ಬಿಂದಿಗೆ ನೀರು ಹುಯ್ಯುತ್ತಾರೆ. ಒಣಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಉಪ್ಪುನೀರಿನಲ್ಲಿ ಹರಿಯುತ್ತದೆ. ಅಲ್ಲೇ ಪಕ್ಕದ ಟ್ರಾನ್ಸ್‌ಫಾರ್ಮರ್ ಒಳಗೆ ತುಂಬಿರುವುದು ಎಣ್ಣೆ. ಅದರ ಒಂದು ಕೆಲಸವೇ ಕರೆಂಟ್ ತಡೆಯುವುದು. ನಮ್ಮ ಮೈಯಲ್ಲಿ ಎರಡೂ ಇವೆ. ಸ್ನಾಯು ಅರ್ಥಿಂಗ್ ಗುಂಡಿ ಇದ್ದ ಹಾಗೆ, ಕೊಬ್ಬು ಟ್ರಾನ್ಸ್‌ಫಾರ್ಮರ್ ಎಣ್ಣೆ ಇದ್ದ ಹಾಗೆ. ಕೊಬ್ಬು ಬಿಟ್ಟು ಉಳಿದ ಮೈಯಲ್ಲಿ ನೂರಕ್ಕೆ ಸುಮಾರು 73 ಪಾಲು ನೀರು. ಅದೂ ಉಪ್ಪು ಬೆರೆತ ನೀರು.

ಮಷೀನು ಒಂದು ಪಾದದಿಂದ ಇನ್ನೊಂದಕ್ಕೆ ಕರೆಂಟ್ ಬಿಡುತ್ತದೆ. ಒಂದು ಮಿಲಿ ಆಂಪಿಯರ್‌ಗಿಂತ ಕಡಿಮೆ, ಸಾಮಾನ್ಯವಾಗಿ ಸೆಕೆಂಡಿಗೆ 50,000 ಸಲ ಹಿಂದಕ್ಕೂ ಮುಂದಕ್ಕೂ ಹೋಗಿ ಬರುವಂಥದ್ದು. ನಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಎಷ್ಟು ತಡೆ ಬಂತು ಎನ್ನುವುದೊಂದೇ ಮಷೀನಿನ ನಿಜವಾದ ಅಳತೆ. ಮಿಕ್ಕಿದ್ದೆಲ್ಲ ಲೆಕ್ಕ. ತೋಟದ ಪೈಪು ನೆನಪಿಸಿಕೊಳ್ಳಿ: ಉದ್ದವಾದಷ್ಟೂ ತಡೆ ಜಾಸ್ತಿ, ದಪ್ಪವಾದಷ್ಟೂ ಕಡಿಮೆ. ಮಷೀನು ನಿಮ್ಮನ್ನೂ ಒಂದು ಪೈಪು ಅಂದುಕೊಳ್ಳುತ್ತದೆ. ಎತ್ತರವನ್ನು ನೀವೇ ಹೇಳಿದ್ದೀರಿ, ತಡೆ ಅದಕ್ಕೆ ಗೊತ್ತು. ಅವೆರಡರಿಂದ ಒಳಗೆ ಎಷ್ಟು ನೀರಿದೆ ಎಂದು ಊಹಿಸುತ್ತದೆ. ನೀರಿನಿಂದ ಸ್ನಾಯು, ಮೂಳೆ, ಕರುಳು ಇತ್ಯಾದಿಯ ತೂಕ ಊಹಿಸುತ್ತದೆ. ಅದನ್ನು ಒಟ್ಟು ತೂಕದಲ್ಲಿ ಕಳೆದರೆ ಉಳಿದದ್ದೇ ಕೊಬ್ಬು! ಸಂತೆಗೆ ಹೋಗಿ ಬಂದ ಮಗನ ಜೇಬಿನ ಚಿಲ್ಲರೆ ಎಣಿಸಿ, ಇಷ್ಟು ಖರ್ಚು ಮಾಡಿದ್ದಾನೆ ಅಂದ ಹಾಗೆ. ಅದೂ ಕತ್ತಲಲ್ಲಿ ತಡವಿ ಎಣಿಸಿದ್ದು.

ಊಹೆ ನೆಟ್ಟಗಾಗಲಿ ಎಂದು ವಯಸ್ಸು, ಗಂಡೋ ಹೆಣ್ಣೋ ಎನ್ನುವುದನ್ನೂ ಸೂತ್ರಕ್ಕೆ ಸೇರಿಸುತ್ತಾರೆ. ಹಾಗಾಗಿ ಒಂದು ತುಂಟಾಟ ಮಾಡಿದೆ. ಭಾವಮೈದನ ವಯಸ್ಸನ್ನು ಮೊಬೈಲಿನಲ್ಲಿ 31 ಎಂದು ತಿದ್ದಿ, ಮತ್ತೆ ಹತ್ತಿಸಿದೆ. ಕೊಬ್ಬು ಇಳಿಯಿತು. ಮೈ ಅದೇ, ಕರೆಂಟ್ ಅದೇ, ಅಂಕಿ ಮಾತ್ರ ಬೇರೆ.

ಇನ್ನೊಂದು ಆಟ ನೀವೇ ಮಾಡಿ ನೋಡಬಹುದು. ಮಷೀನು ಹತ್ತಿ ಇಳಿದು, ಒಂದು ಲೀಟರ್ ನೀರು ಕುಡಿದು, ಕೂಡಲೇ ಮತ್ತೆ ಹತ್ತಿ. ತೂಕ ಒಂದು ಕಿಲೋ ಏರುತ್ತದೆ, ಸರಿ. ಆದರೆ ತಡೆ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಕುಡಿದ ನೀರು ಹೊಟ್ಟೆಯಲ್ಲಿ ಕೂತಿದೆ, ಕರೆಂಟು ಒಂದು ಕಾಲಲ್ಲಿ ಹತ್ತಿ ಸೊಂಟದ ಹತ್ತಿರ ತಿರುಗಿ ಇನ್ನೊಂದು ಕಾಲಲ್ಲಿ ಇಳಿದುಹೋಗಿದೆ. ತೂಕ ಏರಿತು, ನೀರು ಕಾಣಲಿಲ್ಲ. ಹಾಗಾದರೆ ಹೆಚ್ಚಿದ್ದು ಕೊಬ್ಬೇ ಇರಬೇಕು ಎಂದು ಮಷೀನು ತೀರ್ಮಾನಿಸುತ್ತದೆ. ನೀರು ಕುಡಿದು ಕೊಬ್ಬು ಬೆಳೆಸಿದ ಪವಾಡ!

ಕೈಯಲ್ಲಿ ಹಿಡಿ ಹಿಡಿದುಕೊಳ್ಳುವ ದೊಡ್ಡ ಮಷೀನು ವಾಸಿ. ಆದರೂ ಹೊಟ್ಟೆಯ ವಿಷಯದಲ್ಲಿ ಅದಕ್ಕೂ ಕಷ್ಟ. ಮುಂಡದ ಭಾಗ ಮೈತೂಕದ ಹತ್ತಿರ ಹತ್ತಿರ ಅರ್ಧ. ಆದರೆ ಅದು ಅಗಲವಾದ ದೊಡ್ಡ ಕಾಲುವೆ. ಒಟ್ಟು ತಡೆಯಲ್ಲಿ ಅದರ ಪಾಲು ಹತ್ತರಲ್ಲಿ ಒಂದರಷ್ಟು. ಕೈಕಾಲುಗಳು ಕಿರುಗಾಲುವೆ, ತಡೆಯೆಲ್ಲ ಅಲ್ಲೇ. ಕಳ್ಳ ಅಟ್ಟದ ಮೇಲಿದ್ದರೆ ಪೊಲೀಸರು ಹಿತ್ತಲಲ್ಲಿ ಹುಡುಕಿದಂತೆ.

ಹಾಗಂತ ಬರೀ ತೂಕ ನೋಡಿದರೆ ಸಾಕೇ? ಅದೂ ಇಲ್ಲ. 1942ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕೆ ಮತ್ತು ಅವನ ಜೊತೆಗಾರ 25 ಫುಟ್‌ಬಾಲ್ ಆಟಗಾರರನ್ನು ನೀರಿನೊಳಗೆ ಮುಳುಗಿಸಿ ತೂಗಿದರು. ಸಾರಿನ ಮೇಲೆ ತುಪ್ಪ ತೇಲುತ್ತದಲ್ವಾ, ಅದೇ ಲೆಕ್ಕ. ಕೊಬ್ಬು ಹಗುರ, ಸ್ನಾಯು ಮೂಳೆ ಭಾರ. ಆ 25 ಜನರಲ್ಲಿ 17 ಮಂದಿ ಸೈನ್ಯದ ತೂಕದ ಪಟ್ಟಿಯ ಪ್ರಕಾರ ಅತಿತೂಕದ ಅನರ್ಹರು. ನೀರಿನಲ್ಲಿ ನೋಡಿದರೆ ಮೈತುಂಬ ಸ್ನಾಯು.

ನಮ್ಮ ಕತೆ ಇದರ ಉಲ್ಟಾ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿ ಒಂದು ಪುಟ್ಟ ಟಿಪ್ಪಣಿ ಬರೆದರು. ಇಬ್ಬರ ಬಿಎಂಐ, ಅಂದರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ, ಒಂದೇ: 22.3. ಡೆಕ್ಸಾ ಎಕ್ಸ್‌ರೇ ಸ್ಕ್ಯಾನ್‌ನಲ್ಲಿ ಯುಡ್ಕಿನ್‌ಗೆ ಶೇ. 9.1 ಕೊಬ್ಬು. ಯಾಜ್ಞಿಕ್‌ಗೆ ಶೇ. 21.2. ನೋಡಲು ಸಣ್ಣ, ಒಳಗೆ ಕೊಬ್ಬು. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಎರಡೂಮುಕ್ಕಾಲು ಕಿಲೋ ಕೂಡ ತೂಗದ ಕೂಸುಗಳಲ್ಲೇ ಇದರ ಸುಳಿವಿದೆ ಎಂದು ಯಾಜ್ಞಿಕರ ತಂಡ ತೋರಿಸಿತ್ತು. ಇಂಗ್ಲೆಂಡಿನ ಕೂಸುಗಳಿಗೆ ಹೋಲಿಸಿದರೆ ಇವಕ್ಕೆ ಸ್ನಾಯು ತೀರಾ ಕಡಿಮೆ, ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ.

ಬಿಎಂಐ ಲೆಕ್ಕ ಹುಟ್ಟಿದ್ದಾದರೂ ಬೊಜ್ಜಿಗಾಗಿ ಅಲ್ಲ. ಬೆಲ್ಜಿಯಂನ ಖಗೋಳಜ್ಞ ಕೆತ್ಲೆ 1830ರ ದಶಕದಲ್ಲಿ 'ಸರಾಸರಿ ಮನುಷ್ಯ'ನನ್ನು ಹುಡುಕುತ್ತಾ, ತೂಕ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಕಂಡುಕೊಂಡ. ಈಗಿನ ಹೆಸರು ಬಂದದ್ದು 1972ರಲ್ಲಿ. ಜನಸಮೂಹಕ್ಕೆ ಅದು ಒಳ್ಳೆಯ ಸಾಧನ, ಒಬ್ಬೊಬ್ಬರಿಗೆ ಒರಟು. ಭಾರತೀಯರಿಗೆ 25ಕ್ಕೆ ಬದಲು 23ರಿಂದಲೇ ಅತಿತೂಕ ಎಂದು ನಮ್ಮ ವೈದ್ಯರು ಎಣಿಸುವುದು ಈ ಒಳಕೊಬ್ಬಿನ ಕಾರಣಕ್ಕೇ.

ಹಿಂದೆ ರೈಲ್ವೆ ಸ್ಟೇಷನ್ನಿನಲ್ಲಿ ಬಣ್ಣದ ದೀಪದ ಮಷೀನು ಇರುತ್ತಿತ್ತು. ನಾಣ್ಯ ಹಾಕಿದರೆ ರಟ್ಟಿನ ಚೀಟಿ. ಒಂದು ಬದಿ ತೂಕ, ಇನ್ನೊಂದು ಬದಿ ಭವಿಷ್ಯ. 'ದೇಹದ ವಯಸ್ಸು' ನನಗೆ ಆ ಚೀಟಿಯ ಹಿಂಬದಿಯ ಹಾಗೇ ಕಾಣುತ್ತದೆ. ಮಷೀನನ್ನು ಬಿಸಾಡಬೇಕಿಲ್ಲ. ಬೆಳಗ್ಗೆ ಎದ್ದು, ಏನೂ ತಿನ್ನದೆ ಕುಡಿಯದೆ, ಅದೇ ಮಷೀನನ್ನು ವಾರಕ್ಕೊಮ್ಮೆ ಹತ್ತಿ. ಮೂರು ತಿಂಗಳ ಏರಿಳಿತ ನೋಡಿ. ಒಂದು ದಿನದ ಅಂಕಿಗೆ ಅಳಬೇಡಿ.

ಹೊಟ್ಟೆಯೊಳಗಿನ ಕೊಬ್ಬು ಅಂದಾಜು ಮಾಡಲು ಮಷೀನಿಗಿಂತ ದಾರವೇ ಮೇಲು. ಅದೇ ಕೊಬ್ಬು ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಹೆಚ್ಚು ತೊಂದರೆ ಕೊಡುವುದು. ಅಜ್ಜಂದಿರು ಉಡಿದಾರ ಬಿಗಿಯಾದಾಗ ಬಿಚ್ಚಿ ಕಟ್ಟಿಕೊಳ್ಳುತ್ತಿದ್ದರಲ್ಲ, ಅವರಿಗೆ ಸುಮ್ನೆ ಸಿಕ್ಕಿದ್ದ ಅಳತೆ ಅದು. ನಮ್ಮವರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಟೇಪ್ ಇಲ್ಲದಿದ್ದರೆ ನಿಮ್ಮೆತ್ತರದ ದಾರ ಕತ್ತರಿಸಿ, ಎರಡಾಗಿ ಮಡಚಿ, ಉಸಿರು ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ. ತುದಿ ಕೂಡಬೇಕು.

ಭಾವಮೈದನಿಗೆ ಹೂ ಕಟ್ಟುವ ದಾರದಲ್ಲೇ ಅಳೆದೆವು. ನಾಲ್ಕು ಬೆರಳು ಸಾಲಲಿಲ್ಲ. ಅವನು ಸ್ವಲ್ಪ ಹೊತ್ತು ದಾರವನ್ನೇ ನೋಡಿದ. ಆಮೇಲೆ, "ಭಾವ, ಇದನ್ನ ಆ್ಯಪ್‌ನಲ್ಲಿ ಎಲ್ಲಿ ಹಾಕೋದು?" ಎಂದ. ಹೋಳಿಗೆ ಒಂದನ್ನು ಮಾತ್ರ ತಿಂದ, ತುಪ್ಪ ಬೇಡ ಅಂದ.