ಬ್ಯಾಟು ಬದಲಿಸೋಣವಾ ಸಾರ್?

ಟೂರ್ನಮೆಂಟ್ ಮುಗಿದ ಮಾರನೆಯ ದಿನ ನನ್ನ ಫೋನು ಎಷ್ಟು ಸಲ ಹೊಡೆದುಕೊಂಡಿತು ಎಂದು ಎಣಿಸಿದರೆ ಸಾಕು, ನಾನು ಟೇಬಲ್ ಟೆನಿಸ್ ಕಲಿಸುವ ನಮ್ಮ ಹಾಲ್‌ನ ಎಷ್ಟು ಮಕ್ಕಳು ಬೇಗ ಸೋತು ಮನೆಗೆ ಬಂದರು ಅಂತ ಲೆಕ್ಕ ಸಿಗುತ್ತದೆ. ಮಾತು ಮಾತ್ರ ಎಲ್ಲರದೂ ಒಂದೇ. “ಬ್ಯಾಟು ಬದಲಿಸೋಣವಾ ಸಾರ್?”

ಮೊನ್ನೆ ಒಬ್ಬ ತಂದೆ ಕೇಳುವ ಗೋಜಿಗೂ ಹೋಗಲಿಲ್ಲ. ಹನ್ನೊಂದು ವರ್ಷದ ಮಗ ಎರಡನೇ ಸುತ್ತಿನಲ್ಲಿ ಸೋತಿದ್ದ. ಮೂರೇ ದಿನದಲ್ಲಿ ಹದಿನೈದು ಸಾವಿರ ದಾಟಿದ ಕಾರ್ಬನ್ ಬ್ಲೇಡ್, ಅಂದರೆ ಕಾರ್ಬನ್ ಪದರ ಸೇರಿಸಿದ ವೇಗದ ಬ್ಯಾಟಿನ ಹಲಗೆ, ತರಿಸಿ, ಎರಡೂ ಕಡೆ ದಪ್ಪ ರಬ್ಬರ್ ಅಂಟಿಸಿಕೊಂಡು ಬಂದುಬಿಟ್ಟಿದ್ದರು. “ಚೀನಾದವರು ಇದರಲ್ಲೇ ಆಡ್ತಾರಂತೆ ಸಾರ್.” ಆಡುತ್ತಾರೆ, ಇಲ್ಲ ಅನ್ನುವುದಿಲ್ಲ. ನಿಮ್ಮ ಮಗ ಆಡುವುದು ವಾರಕ್ಕೆ ನಾಲ್ಕು ಸಂಜೆ, ಅದರಲ್ಲೂ ಒಂದು ಸಂಜೆ ಗಣಿತದ ಟ್ಯೂಷನ್ನಿಗೆ ಹೋಗಿಬಿಡುತ್ತದೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮನುಷ್ಯ ಒಳ್ಳೆಯವರು. ಸಿಲ್ಕ್ ಬೋರ್ಡ್ ಟ್ರಾಫಿಕ್ಕು ದಾಟಿ ಮಗನನ್ನು ಒಂದು ದಿನವೂ ತಪ್ಪಿಸದೆ ಕರೆತರುತ್ತಾರೆ.

ನೂರು ಸಲ ಹೇಳಿದ್ದನ್ನು ಇನ್ನೊಮ್ಮೆ ಹೇಳುತ್ತೇನೆ, ನಿಧಾನವಾಗಿ. ವೇಗದ ಬ್ಯಾಟು ಕೊಟ್ಟರೆ ಮಗು ಜೋರಾಗಿ ಹೊಡೆಯುತ್ತದೆ ಅಂದುಕೊಂಡಿದ್ದೀರಿ. ಆಗುವುದು ಅದರ ಉಲ್ಟಾ. ಮೊದಲ ನಾಲ್ಕು ಚೆಂಡು ಮೇಜು ದಾಟಿ ಗೋಡೆಗೆ ಬಡಿಯುತ್ತವೆ. ಐದನೆಯದಕ್ಕೆ ಯಾರೂ ಹೇಳಿಕೊಡದೆ ಕೈ ಅರ್ಧದಲ್ಲೇ ನಿಲ್ಲುತ್ತದೆ. ಟಾಪ್‌ಸ್ಪಿನ್‌ನಲ್ಲಿ, ಅಂದರೆ ಚೆಂಡು ಮುಂದಕ್ಕೆ ಉರುಳುವಂತೆ ಉಜ್ಜಿ ಹೊಡೆಯುವ ಹೊಡೆತದಲ್ಲಿ, ಚೆಂಡನ್ನು ಬಗ್ಗಿಸಿ ಮೇಜಿನ ಮೇಲೆ ಇಳಿಸುವುದು ಅದರ ತಿರುಗು, ಸ್ಪಿನ್. ಆ ತಿರುಗು ಬರುವುದು ಪೂರ್ತಿ ಬೀಸಿದ ಕೈಯಿಂದ. ಕೈ ಅರ್ಧಕ್ಕೆ ನಿಂತರೆ ಸ್ಪಿನ್ ಇಲ್ಲ, ಸ್ಪಿನ್ ಇಲ್ಲದ ಚೆಂಡು ಮತ್ತೂ ಹೊರಗೆ, ಚೆಂಡು ಹೊರಗೆ ಹೋದಷ್ಟೂ ಕೈ ಮತ್ತೂ ಮೊಟಕು. ತಿಂಗಳೊಳಗೆ ಮಗು ಹೆದರಿಕೊಂಡು ಹೊಡೆಯುವುದನ್ನು ಚೆನ್ನಾಗಿ ಕಲಿತಿರುತ್ತದೆ. ಆಮೇಲೆ ಅದೇ ತಂದೆ ಬಂದು, “ಇವನಿಗೆ ಧೈರ್ಯ ಸಾಲದು ಸಾರ್, ಮೆಂಟಲ್ ಕೋಚಿಂಗ್ ಏನಾದ್ರೂ ಕೊಡಿಸ್ಲಾ?” ಅನ್ನುತ್ತಾರೆ. ಅಧೈರ್ಯವನ್ನು ದುಡ್ಡು ಕೊಟ್ಟು ತಂದವರು ನೀವೇ ಅಲ್ಲವಾ?

ಇನ್ನೊಂದು ಲೆಕ್ಕವೂ ಇದೆ. ಮೇಜಿನ ಉದ್ದ 2.74 ಮೀಟರ್. ಸೆಕೆಂಡಿಗೆ 10 ಮೀಟರ್ ವೇಗದ ಚೆಂಡು ಅಷ್ಟು ದೂರವನ್ನು ಕಾಲು ಸೆಕೆಂಡಿನ ಆಸುಪಾಸಿನಲ್ಲಿ ದಾಟುತ್ತದೆ. ನಿಮ್ಮ ಮಗ ಎಷ್ಟು ಬೇಗ ಕಳಿಸಿದನೋ, ಅಷ್ಟೇ ಬೇಗ ಅದು ಎದುರಾಳಿ ಅಡ್ಡ ಹಿಡಿದ ಬ್ಯಾಟಿಗೆ ಬ್ಲಾಕ್ ಆಗಿ ವಾಪಸ್ ಬರುತ್ತದೆ. ಕಾಲು ಇನ್ನೂ ಸರಿದಿರುವುದಿಲ್ಲ.

ಐದು ಪದರದ, ಬರೀ ಮರದ ಬ್ಲೇಡಿನಲ್ಲಿ ಪೂರ್ತಿ ಕೈ ಬೀಸಿದರೂ ಚೆಂಡು ಮೇಜಿನೊಳಗೇ ಬೀಳುತ್ತದೆ. ಬಿದ್ದರೆ ನಂಬಿಕೆ ಹುಟ್ಟುತ್ತದೆ, ನಂಬಿಕೆ ಹುಟ್ಟಿದ ಕೈ ಇನ್ನಷ್ಟು ಬೀಸುತ್ತದೆ. ಕಾರ್ಬನ್ ಎಂದು ಹೆಮ್ಮೆಪಡುವ ಬ್ಲೇಡಿನಲ್ಲೂ ನಿಯಮದ ಪ್ರಕಾರ ದಪ್ಪದ ಶೇ. 85 ಭಾಗವಾದರೂ ಮರವೇ ಇರಬೇಕು, ಗೊತ್ತಿರಲಿ. 2001ರಲ್ಲಿ ಗೇಮ್ 21ರಿಂದ 11 ಪಾಯಿಂಟಿಗೆ ಇಳಿದ ಮೇಲೆ 9–9 ಬರುವುದು ಕಣ್ಣುಮುಚ್ಚಿ ಬಿಡುವಷ್ಟರಲ್ಲಿ. ಆಗ ಎಲ್ಲರ ಕೈಯೂ ಬಿಗಿಯುತ್ತದೆ, ಇಷ್ಟು ವರ್ಷ ಆಡಿದ ನನ್ನದೂ. ಬಿಗಿದ ಕೈಯ ತಪ್ಪನ್ನು ನಿಧಾನದ ಬ್ಯಾಟು ಒಂದಿಷ್ಟು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ವೇಗದ್ದು ಹಾಕಿಕೊಳ್ಳುವುದಿಲ್ಲ.

ಎಲ್ಲ ಮಕ್ಕಳಿಗೂ ಇದೇ ಮಾತು ಅಂತಲ್ಲ. ಹದಿನಾರು ದಾಟಿ ಹೊಡೆತ ಗಟ್ಟಿಯಾದವರ ಮಾತು ಬೇರೆ. ಅದನ್ನು ಮಗುವಿನ ಆಟ ನೋಡಿ ಹೇಳಬೇಕು, ಫೋನಿನಲ್ಲಿ ಹೇಳಲಾಗದು.

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಹೊಸ ಬ್ಯಾಟು ಹಿಡಿದು ಮಲ್ಲೇಶ್ವರದಲ್ಲಿ ಒಂದು ಟೂರ್ನಮೆಂಟ್ ಆಡಿದ. ಆರು ಪಾಯಿಂಟಿಗೊಮ್ಮೆ ಟವೆಲ್‌ಗೆ ಹೋಗಬಹುದಲ್ಲ, ಹೋದ. ಬೆವರು ಒರೆಸಿಕೊಳ್ಳಲಿಲ್ಲ. ಬ್ಯಾಟಿಗೆ ಹಾ ಅಂತ ಉಸಿರು ಬಿಟ್ಟು, ಅಂಗೈಯಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ಓರೆಯಾಗಿ ನೋಡಿದ. ಎದುರಾಳಿ ಆ ಹೊತ್ತಿಗೆ ಇವನ ಬ್ಯಾಕ್‌ಹ್ಯಾಂಡ್ ಮೂಲೆಗೇ ತನ್ನ ಸರದಿಯ ನಾಲ್ಕೂ ಸರ್ವ್ ಹಾಕಿ ಗೆದ್ದಿದ್ದ. ಅದು ಇವನ ಗಮನಕ್ಕೇ ಬಂದಿರಲಿಲ್ಲ. ಪಂದ್ಯದ ನಡುವೆ ಬ್ಯಾಟು ಆಕಸ್ಮಿಕವಾಗಿ ಹಾಳಾಗಿ ಆಡಲಾಗದಂತಾದರೆ ಮಾತ್ರ ಬದಲಿಸಬಹುದು. ಬದಲಿಸಲಾಗದ್ದನ್ನು ದುರುಗುಟ್ಟಿಕೊಂಡು ನೋಡಿ ಏನು ಬಂತು? “ಯಾಕೋ ಪುಟ್ಟಾ, ಅದರಲ್ಲಿ ಏನಿತ್ತು?” ಅಂದರೆ, “ಬಾಲ್ ಜಾರ್ತಿತ್ತು ಸಾರ್” ಅಂದ. ಹೊಸ ರಬ್ಬರ್!

ಇದೇ ಕಾಯಿಲೆ ಇನ್ನೊಂದು ವೇಷದಲ್ಲೂ ಬರುತ್ತದೆ. ಪಂದ್ಯಕ್ಕೆ ಮೊದಲು ಎದುರಾಳಿಯ ಬ್ಯಾಟು ನೋಡುವ ಹಕ್ಕಿದೆ. ನಮ್ಮ ಮಕ್ಕಳು ಅದರಲ್ಲಿ ಲಾಂಗ್ ಪಿಂಪಲ್ಸ್, ಅಂದರೆ ಮೇಲ್ಮೈಯಲ್ಲಿ ಉದ್ದ ಮೊಳೆಗಳಂತೆ ಎದ್ದಿರುವ ರಬ್ಬರ್, ಕಂಡರೆ ಮುಖ ಬಾಡಿಸಿಕೊಂಡು ನನ್ನ ಕಡೆ ತಿರುಗುತ್ತಾರೆ. ಅಲ್ಲಿಗೇ 0–4. ಗ್ಯಾಲರಿಯಲ್ಲಿ ಅಮ್ಮಂದಿರು “ಅದು ಮೋಸದ ಬ್ಯಾಟು” ಅಂತ ಪಿಸುಗುಟ್ಟುತ್ತಾರೆ. ಮೋಸ ಏನೂ ಇಲ್ಲ. ಆ ಉದ್ದ ಮೊಳೆಗಳು ತಾವಾಗಿ ಹೆಚ್ಚು ಸ್ಪಿನ್ ಕೊಡುವುದಿಲ್ಲ, ನೀವು ಕೊಟ್ಟದ್ದೇ ಹೆಚ್ಚುಕಡಿಮೆ ನಿಮಗೇ ಬರುತ್ತದೆ. ನಿಮ್ಮ ಜೋರು ಟಾಪ್‌ಸ್ಪಿನ್ ನಿಮ್ಮ ಕಡೆ ಬ್ಯಾಕ್‌ಸ್ಪಿನ್, ಅಂದರೆ ಹಿಮ್ಮುಖ ತಿರುಗು, ಆಗಿ ಇಳಿಯುತ್ತದೆ. ಸ್ಪಿನ್ ಇಲ್ಲದ ಚೆಂಡು ಕೊಟ್ಟು ನೋಡಿ, ಪಿಂಪಲ್ಸಿನ ಅರ್ಧ ಆಟ ಮುಗಿಯಿತು.

ಅರ್ಧ ಅಂದೆ, ಪೂರ್ತಿ ಅನ್ನಲಿಲ್ಲ. 2024ರಲ್ಲಿ ಬೂಸಾನ್‌ನ ವಿಶ್ವ ತಂಡ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಐಹಿಕಾ ಮುಖರ್ಜಿ ಬ್ಯಾಕ್‌ಹ್ಯಾಂಡಿಗೆ ಆಂಟಿ-ಸ್ಪಿನ್ ರಬ್ಬರ್, ಅಂದರೆ ಸ್ಪಿನ್ ಹಿಡಿಯದ ನುಣುಪು ರಬ್ಬರ್, ಹಾಕಿಕೊಂಡು ಆಗಿನ ವಿಶ್ವದ ನಂಬರ್ ಒನ್, ಚೀನಾದ ಸುನ್ ಯಿಂಗ್‌ಶಾ ಅವರನ್ನೇ ಸೋಲಿಸಿದರು. ಇನ್ನೂ ಹಿಂದೆ, 1952ರಲ್ಲಿ ಬಾಂಬೆಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ, ಜಪಾನಿನ ಹಿರೋಜಿ ಸಾಟೋ ದಪ್ಪ ಸ್ಪಂಜಿನ ಬ್ಯಾಟು ಹಿಡಿದು ಬಂದು ಗೆದ್ದರು. ಚೆಂಡು ತಾಗಿದ ಸದ್ದೇ ಬರುತ್ತಿರಲಿಲ್ಲ. ಸದ್ದು ಕೇಳಿ ಆಡುವ ಅಭ್ಯಾಸದವರಿಗೆ ಕಿವಿಯೇ ಕೈಕೊಟ್ಟಿತು. ಸಾಟೋ ಮತ್ತೆ ಸಿಂಗಲ್ಸ್ ವಿಶ್ವ ಚಾಂಪಿಯನ್ ಆಗಲಿಲ್ಲ, ಆದರೆ ಸ್ಪಂಜು ಮಾತ್ರ ಉಳಿಯಿತು. ಇವತ್ತು ನಿಮ್ಮ ಮಗನ ಬ್ಯಾಟಿನಲ್ಲೂ ಅದೇ ಇದೆ.

ಹಾಗಾಗಿ ಬ್ಯಾಟು ಲೆಕ್ಕಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿ ಒಮ್ಮೆ ಕೆಟ್ಟಿದ್ದೇನೆ ಕೂಡ. ಒಬ್ಬ ಹುಡುಗಿಯ ಟಾಪ್‌ಸ್ಪಿನ್ ದಿನವೂ ನೆಟ್ಟಿಗೆ ಬೀಳುತ್ತಿತ್ತು. ಎರಡು ವಾರ ಅವಳಿಗೆ ಧೈರ್ಯದ ಪಾಠ ಮಾಡಿದೆ. “ಹೆದರ್ಬೇಡ ಕಣೇ, ಬೀಸು, ಬೀಸು.” ಪಾಪ, ಬೀಸಿದಳು, ನೆಟ್ಟಿಗೇ ಹೋಯಿತು. ಒಂದು ದಿನ ಸುಮ್ಮನೆ ಅವಳ ಬ್ಯಾಟು ಎತ್ತಿಕೊಂಡು ಬೆರಳಾಡಿಸಿದರೆ ರಬ್ಬರ್ ಒಳ್ಳೆ ಸ್ಲೇಟಿನ ಹಾಗೆ ನುಣುಪು. ವರ್ಷವಾಗಿತ್ತಂತೆ ಹಾಕಿಸಿ. ಮನೆಯಲ್ಲಿ ಕೇಳಲು ಸಂಕೋಚ, ನನಗೆ ಹೇಳಲು ಭಯ. ಅವತ್ತು ನಾನೇ ಹಳೆಯದನ್ನು ಕಿತ್ತು, ಗಮ್ ಹಚ್ಚಿ, ಅದೇ ಜಾತಿಯ ಹೊಸ ರಬ್ಬರ್ ಅಂಟಿಸಿಕೊಟ್ಟೆ.

ಅಂದಿನಿಂದ ತಿಂಗಳ ಮೊದಲ ಶನಿವಾರ ಎಲ್ಲ ಮಕ್ಕಳ ಬ್ಯಾಟುಗಳನ್ನೂ ಮೇಜಿನ ಮೇಲೆ ಸಾಲಾಗಿ ಇಡಿಸುತ್ತೇನೆ. ರಬ್ಬರಿನ ಮೇಲೆ ಚೆಂಡು ಒತ್ತಿ ಉಜ್ಜಿ ನೋಡುತ್ತೇನೆ, ಹಿಡಿತ ಇದೆಯೋ ಜಾರುತ್ತದೆಯೋ ಅಂತ. ಸತ್ತ ರಬ್ಬರಿಗೆ ಅದರದೇ ಜೋಡಿ ಬರುತ್ತದೆ, ಬ್ಲೇಡ್ ಮುಟ್ಟುವಂತಿಲ್ಲ. ಅವತ್ತು ಅಪ್ಪಂದಿರು ಒಳಗೆ ಬರಬೇಡಿ ಎಂದು ಹೇಳಿಟ್ಟಿದ್ದೇನೆ. ಆದರೂ ಇಬ್ಬರು ಮೂವರು ಬಾಗಿಲ ಹತ್ತಿರ ಚಪ್ಪಲಿ ಬಿಡುವ ನೆಪದಲ್ಲಿ ನಿಂತಿರುತ್ತಾರೆ. ಹದಿನೈದು ಸಾವಿರದ ಬ್ಲೇಡಿನವರೂ ಇರುತ್ತಾರೆ, ಮಗನ ಹಳೇ ಮರದ ಬ್ಯಾಟು ಮೂರನೇ ಸಾಲಿನಲ್ಲಿದೆ ಎಂದು ದೂರದಿಂದಲೇ ಬೆರಳು ತೋರಿಸುತ್ತಾ.